ಹೆಡಗಿ ಹೊತ್ತವರ ಹಾಡು

ಮಾಳಮ್ಮನ ಮೊಣಕಾಲು ಹೋದ ವರ್ಷದ ಸುಗ್ಗಿಯಲ್ಲೇ ಕೈಕೊಟ್ಟಿತ್ತು. ಊರಿಗೆ ಅದು ಗೊತ್ತಾದದ್ದು ಮಾತ್ರ ಈ ವರ್ಷದ ರೋಹಿಣಿ ಮಳೆಯ ಹೊತ್ತಿಗೆ, ಬೀಜ ಹೊರುವ ಬಿದಿರ ಬುಟ್ಟಿಗಳಿಗೆ, ಅಂದರೆ ಹೆಡಗಿಗಳಿಗೆ, ಸೆಗಣಿ ಸಾರಿಸುವ ದಿನ. ಸಾರಿಸಿದ ಹೆಡಗಿಯನ್ನು ಬಿಸಿಲಿಗಿಡಲು ಏಳಹೋದವಳು ಅರ್ಧ ಎದ್ದು, ಮತ್ತೆ ಅಲ್ಲೇ ಕುಸಿದು ಕೂತಳು. ಸುತ್ತ ಇದ್ದ ಹದಿನಾಲ್ಕು ಹೆಂಗಸರು ನೋಡಿದರು. ನೋಡಿಯೂ ನೋಡದವರ ಹಾಗೆ ತಮ್ಮ ತಮ್ಮ ಹೆಡಗಿಗೆ ಕೈ ಹಾಕಿದರು. ಸೊಸೆ ಅಮೃತಮ್ಮ ಹೋಗಿ ರಟ್ಟೆ ಹಿಡಿದು ಎಬ್ಬಿಸಿದಳು.

ಜಾಜಿಗುಡ್ಡ ಅಂದರೆ ಚಿಂಚೋಳಿಯಿಂದ ಕುಂಚಾವರಂ ಕಾಡಿನ ಕಡೆ ಹೋಗುವ ದಾರಿಯಲ್ಲಿ, ಕೆಂಪು ಗುಡ್ಡದ ಬುಡಕ್ಕೆ ಅಂಟಿಕೊಂಡ ಇಪ್ಪತ್ತು ಮನೆಯ ಊರು. ಮನೆಗಳು ಕೆಳಗೆ, ಹೊಲ ಮೇಲೆ. ಗುಡ್ಡದ ನೆತ್ತಿ ಹಾಸಿದ ಕಂಬಳಿಯಂತೆ ಸಪಾಟಾಗಿದೆ, ಅಲ್ಲೇ ನವಣೆ, ಸಜ್ಜೆ, ತೊಗರಿ. ಮಿರಗ, ಅಂದರೆ ಮೃಗಶಿರ ಮಳೆ ಬಿದ್ದ ಮೂರನೆಯ ದಿನ ಬೀಜವನ್ನು ಹೆಂಗಸರೇ ತಲೆಯ ಮೇಲೆ ಹೊತ್ತು, ಏಳು ತಿರುವಿನ ಕಾಲುದಾರಿ ಹತ್ತಿ ಮೇಲೆ ಮುಟ್ಟಿಸಬೇಕು. ಮುಂದಿನವಳು ಹಾಡುತ್ತಾಳೆ, ಹಿಂದಿನವರು ಸೊಲ್ಲು ಹಿಡಿಯುತ್ತಾರೆ. ತಿರುವಿಗೊಂದು ಹಾಡು. ಏಳೂ ಹಾಡು ನಡುವೆ ಕಡಿಯದೆ ಮುಗಿದರೆ ಆ ಹೆಂಗಸರಿಗೆ ಮೇಲಿನ ಹೊಲದಲ್ಲಿ ತಲೆಗೆ ಐದೈದು ಸಾಲು. ಆ ಸಾಲಿನಲ್ಲಿ ಏನು ಬಿತ್ತಬೇಕು, ಬೆಳೆದದ್ದನ್ನು ಯಾರಿಗೆ ಕೊಡಬೇಕು ಎಂಬುದು ಅವರದೇ ಮಾತು. ಗಂಡಸರು ಅದರಲ್ಲಿ ಬಾಯಿ ಹಾಕುವಂತಿಲ್ಲ. ಇದನ್ನು ಯಾವ ಪಟೇಲನೂ ಬರೆದಿಟ್ಟಿಲ್ಲ, ಯಾವ ತಹಸೀಲಿನ ದಫ್ತರದಲ್ಲೂ ಇಲ್ಲ. ನಡೆದುಕೊಂಡು ಬಂದದ್ದು.

ಮೂವತ್ತು ವರ್ಷದಿಂದ ಮುಂದಿನ ಹೆಡಗಿ ಮಾಳಮ್ಮನದು.

ಆ ಸಂಜೆ ಮಾಳಮ್ಮನ ಮೈದುನ ಕಾಶಪ್ಪ ಅವಳ ಮನೆಯ ಕಟ್ಟೆಗೆ ಬಂದು ಕೂತ. ಊರಿಗೆ ಹಿರಿಯ, ಮಾತಿಗೆ ಮೆತ್ತಗೆ.

"ವೈನಿ, ನೀವು ಸುಮ್ನ ಕುಂದ್ರಿ. ಆ ಕಡಿಂದ ಸುತ್ತುಬಳಸಿ ಬಂಡಿ ದಾರಿ ಆಗ್ಯಾದಲ್ಲ, ಬೀಜ ಬಂಡ್ಯಾಗ ಹಾಕೊಂಡು ಹೋಗ್ತೀವಿ. ಅರ್ಧ ದಿನದ ಕೆಲಸ."

"ಹೆಂಗಸರ ಸಾಲು?" ಎಂದು ಕೇಳಿದವಳು ಅಮೃತಮ್ಮ, ಬಾಗಿಲ ಹಿಂದಿನಿಂದ.

"ಹೊತ್ರ ಸಾಲು. ಹೊರದಿದ್ರ ಯಾತರ ಸಾಲು, ತಂಗಿ? ನಾ ತಕರಾರು ಮಾಡ್ಲಿಕತ್ತಿಲ್ಲ. ಮಿರಗದೊಳಗ ಯಾರರ ಏಳೂ ತಿರುವು ಹಾಡಿ ಹತ್ತಿಸ್ತೀವಿ ಅಂದ್ರ ಹತ್ತಿಸ್ರಿ. ಇಲ್ಲಾಂದ್ರ ಬಂಡಿ. ಒಮ್ಮೆ ಬಂಡಿ ಹೋತು ಅಂದ್ರ ಮುಂದ ವರ್ಷಾ ವರ್ಷಾ ಬಂಡೀನೇ."

ಮಾಳಮ್ಮ ಮೊಣಕಾಲಿಗೆ ಹಚ್ಚಿದ ಎಕ್ಕದ ಎಲೆಯನ್ನು ತಿರುವಿ ಕಟ್ಟಿಕೊಂಡಳು.

ಅಮೃತಮ್ಮ ಶಹಾಬಾದದ ಮಗಳು. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲು ಸೀಳುವವನು. ಹುಟ್ಟಿದ್ದು ಬೆಳೆದದ್ದು ಸಪಾಟು ನೆಲದಲ್ಲಿ, ಓಣಿಯ ಭಜನೆಯಲ್ಲಿ ಚಾಪೆ ಹಾಸಿ ಕೂತು ಹಾಡು ಕಲಿತವಳು. ಈ ಊರಿಗೆ ಬಂದು ಆರು ವರ್ಷವಾಗಿತ್ತು. ಆರು ವರ್ಷವೂ ಸಾಲಿನ ಕಟ್ಟಕಡೆಗೆ ನಡೆದಿದ್ದಳು, ಮುಂದಿನ ಹಾಡು ಅಲ್ಲಿಗೆ ಮುಟ್ಟುವ ಹೊತ್ತಿಗೆ ಬರೀ ಸೊಲ್ಲಿನ "ಹೋ" ಉಳಿಯುತ್ತಿತ್ತು. ಆದರೆ ಐದು ಸಾಲಿನ ನವಣೆಯಲ್ಲಿ ಎರಡು ವರ್ಷದ ಹಿಂದೆ ಅವಳ ಬಾಣಂತನ ನಡೆದಿತ್ತು. ಯಾರನ್ನೂ ಕೇಳದೆ, ಯಾರ ಮುಖವನ್ನೂ ನೋಡದೆ ತನ್ನ ಮಡಕೆಯಿಂದ ತಾನು ತೆಗೆದುಕೊಂಡಿದ್ದಳು. ಅದರ ರುಚಿ ಗೊತ್ತಿದ್ದವಳಿಗೆ ಬಂಡಿಯ ಮಾತು ಗಂಟಲಲ್ಲಿ ಇಳಿಯಲಿಲ್ಲ.

"ಅತ್ತಿ, ನನಗ ಹಾಡು ಕಲಿಸ್ರಿ," ಎಂದಳು ಮರುದಿನ ಮುಂಜಾನೆ, ರೊಟ್ಟಿ ತಟ್ಟುತ್ತ.

"ಕಲಿಸೂದು ಏನದ? ಕೇಳು, ಅನ್ನು."

ಮಾಳಮ್ಮ ಗೋಡೆಗೆ ಒರಗಿ ಕೂತು ಶುರು ಮಾಡಿದಳು. ಮೊದಲ ತಿರುವಿನದು ಬಂತು.

ಎತ್ತಿಕೋ ನನತಂಗಿ ಎದಿಯ ಗಟ್ಟಿ ಮಾಡಿಕೋ
ಹೊತ್ತೇವ ಹುಡಿಮಣ್ಣ ಬಸಿರೀಗಿ, ಹೋ...
ಹೊತ್ತೇವ ನಾಳಿನ ಹಸಿರಾ

ಎರಡನೆಯದು ತಡವರಿಸಿ ಬಂತು. ಮೂರನೆಯದಕ್ಕೆ ಮಾಳಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು.

"ಅದ... ಇಲ್ಲೇ ನಾಲಿಗಿ ತುದಿಗೆ ಅದ. ಝರಿ ಕಲ್ಲು ದಾಟಿ..." ಎಂದಳು. ಬೆರಳಿನಿಂದ ನೆಲ ಬಡಿದಳು. ಬರಲಿಲ್ಲ. ಮುಖ ಸಣ್ಣದಾಯಿತು. "ವಯಸ್ಸಾಯ್ತು ನನ್ನವ್ವ. ಕಾಲಿನ ಸಂಗಾಟ ತಲೀನೂ ಹೋಯ್ತು."

ಮೂರು ದಿನ ಹೀಗೇ ಆಯಿತು. ಕೆಲವು ಸಲ ನಾಲ್ಕನೆಯದರ ಬಾಲ ಬರುತ್ತಿತ್ತು, ತಲೆ ಬರುತ್ತಿರಲಿಲ್ಲ. ಅಮೃತಮ್ಮ ಸಿಕ್ಕಿದ್ದನ್ನೆಲ್ಲ ಬಾಯಿಪಾಠ ಮಾಡಿದಳು. ಸಿಗದ ಕಡೆ ತನ್ನ ತವರಿನ ಭಜನೆಯ ಧಾಟಿ ಹಚ್ಚಿ ಹೊಲಿದಳು. ಕೂತು ಹಾಡಿದರೆ ಕೇಳಲು ಚಂದವೇ ಇತ್ತು. ಗಂಡ ಖಂಡೆಪ್ಪ ಕೂಡ ಎತ್ತಿಗೆ ಮೇವು ಹಾಕುತ್ತ ನಿಂತು ಕೇಳಿ, "ಪಾಸಾದಿ ಬಿಡು," ಎಂದ.

ನಾಲ್ಕನೆಯ ದಿನ ಕಟ್ಟಿಗೆ ಹೊತ್ತು ಗುಡ್ಡದ ಬುಡಕ್ಕೆ ಬಂದ ಹೆಂಗಸರ ಮುಂದೆ ಅಮೃತಮ್ಮ ನಿಂತಳು. ತಲೆಗೆ ಸಿಂಬೆ, ಸಿಂಬೆಯ ಮೇಲೆ ಕಟ್ಟಿಗೆ ಹೊರೆ. ಬೀಜದ ಹೆಡಗಿಗಿಂತ ಒಂದಿಷ್ಟು ಹಗುರ. "ಹೊರಿ ಮನಿಗಿ ಒಯ್ಯೂ ಮದಲ ಒಮ್ಮೆ ಗುಡ್ಡ ಹತ್ತಿ ನೋಡೋಣು. ಹಾಡತೀನಿ, ಹಿಂದ ಬರ್ರಿ," ಎಂದಳು. ಮೊದಲ ತಿರುವು ಹೇಗೋ ಸಾಗಿತು. ಎರಡನೆಯದರಲ್ಲಿ ಹಾಡಿನ ಸಾಲು ಉದ್ದ, ಉಸಿರು ಗಿಡ್ಡ. ಸೊಲ್ಲು ಹಿಡಿಯಬೇಕಾದ ಕಡೆ ಹೆಜ್ಜೆ ಎತ್ತಬೇಕಾಗಿ ಬಂತು, ಹೆಜ್ಜೆ ಊರಬೇಕಾದ ಕಡೆ ಸೊಲ್ಲು ಬಂತು. ಹಿಂದಿನವರ ಕಾಲಿಗೆ ಕಾಲು ತೊಡರಿ ಸಾಲು ಅಲ್ಲಾಡಿತು. ಎರಡನೆಯ ಸ್ಥಾನದಲ್ಲಿದ್ದ ಮಾಣಿಕಮ್ಮನ ಹೊರೆ ಜಾರಿ, ಕಟ್ಟಿಗೆಯೆಲ್ಲ ಇಳಿಜಾರಿನಲ್ಲಿ ಉರುಳಿಹೋಯಿತು.

ಮಾಣಿಕಮ್ಮ ಸೊಂಟಕ್ಕೆ ಕೈ ಇಟ್ಟು ಉರುಳುವ ಕಟ್ಟಿಗೆಯನ್ನು ನೋಡಿದಳು. "ಚಂದ ಹಾಡಿದಿ ತಂಗಿ. ನಿಮ್ಮ ಶಹಾಬಾದದಾಗ ಹಾಸಗಲ್ಲಿನ ಮ್ಯಾಲ ಕುಂತು ಹಾಡೂದಕ್ಕ ಭಾಳ ಚಂದ. ಬೀಜ ಆಗಿದ್ರ ಇಷ್ಟೊತ್ತಿಗೆ ಗುಡ್ಡದ ಇರಿವಿಗೆಲ್ಲ ಹಬ್ಬ ಆಗ್ತಿತ್ತು."

ಹೆಂಗಸರು ನಕ್ಕರು. ಅಮೃತಮ್ಮ ನಗಲಿಲ್ಲ, ಅಳಲೂ ಇಲ್ಲ. ಕೆಳಗಿಳಿದು ಮಾಣಿಕಮ್ಮನ ಕಟ್ಟಿಗೆಯನ್ನು ಒಂದೊಂದಾಗಿ ಆರಿಸಿ ಕಟ್ಟಿ, ತಲೆಗೆ ಎತ್ತಿಕೊಟ್ಟಳು. "ಮಿರಗಕ್ಕ ಇನ್ನಾ ಹನ್ನೊಂದು ದಿನ ಅದ, ಅಕ್ಕ," ಎಂದಳು.

"ಹನ್ನೊಂದು ದಿನದಾಗ ಏನು ಹೊಸ ಗಂಟಲು ತರಸ್ತಿ?"

"ಗಂಟಲು ಇದ್ದದ್ದೇ ಇರಲಿ. ಏನು ತಪ್ಪಿತು ಅಂತ ಹುಡುಕ್ತೀನಿ."

ಅದು ಸಿಕ್ಕಿದ್ದು ಯಾರೂ ನೆನೆಸದವಳ ಬಾಯಲ್ಲಿ. ಎರಡು ದಿನ ಕಳೆದು ಅಮೃತಮ್ಮ ಎರಡನೆಯ ತಿರುವಿನ ಝರಿಯಲ್ಲಿ ಕೊಡ ತುಂಬುತ್ತಿದ್ದಾಗ ಕೆಳಗಿನಿಂದ ಬಳೆಗಾರ್ತಿ ಶಹರಬಾನು ಹತ್ತಿ ಬಂದಳು. ಚಿಂಚೋಳಿಯವಳು, ಗುಡ್ಡದಾಚೆಯ ಹಳ್ಳಿಗಳಿಗೆ ಬಳೆ ತೊಡಿಸಲು ಈ ದಾರಿಯಲ್ಲೇ ಹೋಗುವವಳು. ತಲೆಯ ಮೇಲೆ ಬಳೆಯ ಬುಟ್ಟಿ, ಬಾಯಲ್ಲಿ ಏನೋ ಗುನುಗು. ಅಮೃತಮ್ಮನಿಗೆ "ಸಲಾಮವ್ವ" ಎಂದವಳು ನಿಲ್ಲದೆ ಮೂರನೆಯ ತಿರುವಿನ ಕಲ್ಲುಮೆಟ್ಟಿಲಿಗೆ ಕಾಲಿಟ್ಟಳು. ಗುನುಗು ದಪ್ಪಗಾಯಿತು.

ಝರಿಯ ಕಲ್ಲ ದಾಟಿ... ಹೋ
ಜಾರೀತ ಕಾಲ ನೋಡ... ಹೋ
ಊರ ತಂಗಿ ಊರ

ಅಮೃತಮ್ಮನ ಕೊಡ ತುಂಬಿ ನೀರು ಕಾಲಿನ ಮೇಲೆ ಹರಿಯಿತು.

"ಖಾಲಾ, ನಿಲ್ರಿ. ಒಂದು ಮಿನಿಟು ನಿಲ್ರಿ. ಅದನ್ನ ಇನ್ನೊಮ್ಮೆ ಅನ್ರಿ."

"ಯಾವುದು ಬೇಟಿ?"

"ಈಗ ಅಂದ್ರಲ್ಲ, ಝರಿಯ ಕಲ್ಲು."

ಶಹರಬಾನು ಬುಟ್ಟಿ ಇಳಿಸಿ, ಕಲ್ಲಿನ ಮೇಲೆ ಕೂತು, ಸೆರಗಿನಿಂದ ಕತ್ತು ಒರೆಸಿಕೊಂಡಳು. ಬಾಯಿ ತೆರೆದಳು. ಹುಬ್ಬು ಗಂಟಿಕ್ಕಿದಳು. "ಅರೆ, ಎಲ್ಲಿ ಹೋಯ್ತು? ಈಗ ಇತ್ತಲ್ಲ." ಎರಡು ಸಲ ಕೆಮ್ಮಿ ನೋಡಿದಳು. "ಕುಂತ್ರ ಬರಂಗಿಲ್ಲ ನೋಡು. ನಿಮ್ಮತ್ತಿ ಹಿಂದ, ಅವರತ್ತಿ ಹಿಂದ ಇದೇ ದಾರ್ಯಾಗ ನಡದು ನಡದು ಕಿವ್ಯಾಗ ಹೊಕ್ಕದ್ದು. ನನಗ ಅದರ ಮಾತೂ ಪೂರಾ ಗೊತ್ತಿಲ್ಲ. ಕಾಲು ಅಂತಾವ, ಬಾಯಿ ಅಂತದ."

ಅಮೃತಮ್ಮ ಅವಳನ್ನೇ ನೋಡಿದಳು. ಆಮೇಲೆ ಬುಟ್ಟಿಯನ್ನು ಎತ್ತಿ ಮತ್ತೆ ಅವಳ ತಲೆಗಿಟ್ಟಳು. ತನ್ನ ಕೊಡವನ್ನು ತನ್ನ ತಲೆಗೆ ಏರಿಸಿದಳು. "ನಡೀರಿ, ನಾ ಹಿಂದ ಬರ್ತೀನಿ."

"ನಿಮ್ಮ ಮನಿ ಕೆಳಗದ, ನೀರು ಮ್ಯಾಲ ಒಯ್ತಿ ಏನು?"

"ಒಯ್ತೀನಿ."

ಹೆಜ್ಜೆ ಎತ್ತಿದ ಕೂಡಲೇ ಹಾಡು ಬಂತು. ಕೂತು ಕೇಳಿದಾಗ ಹರಕು ಎಂದು ಕಂಡ ಸಾಲುಗಳು ಹರಕೇ ಅಲ್ಲ. ಎತ್ತರದ ಮೆಟ್ಟಿಲಿಗೆ ಹಾಡು ಸುಮ್ಮನಾಗುತ್ತಿತ್ತು, ಯಾಕೆಂದರೆ ಅಲ್ಲಿ ಎದೆಗೆ ಬಿಡುವಿಲ್ಲ. ಕಾಲು ಊರಿದ ಮೇಲೆ "ಹೋ" ಎಂದು ಉಸಿರು ಬಿಡುತ್ತಿತ್ತು. ಜಾರುವ ಕಲ್ಲಿಗೆ ಮೊದಲೇ "ಜಾರೀತ" ಎಂದು ಹಿಂದಿನವಳಿಗೆ ಹೇಳುತ್ತಿತ್ತು. ತಾನು ಭಜನೆಯ ಧಾಟಿ ಹಚ್ಚಿ ತುಂಬಿದ್ದು ಎಲ್ಲೆಲ್ಲಿ ಅಂದರೆ, ಹಾಡು ಬೇಕೆಂದೇ ಖಾಲಿ ಬಿಟ್ಟ ಜಾಗಗಳಲ್ಲಿ. ಅಮೃತಮ್ಮನಿಗೆ ಮಾಣಿಕಮ್ಮನ ಹೊರೆ ಬಿದ್ದದ್ದು ಯಾಕೆಂದು ಈಗ ಅರ್ಥವಾಯಿತು.

ನಾಲ್ಕನೆಯ ತಿರುವೂ ಹೀಗೇ ಬಂತು. ಐದನೆಯದರ ಬಾಯಿಗೆ ಬಂದಾಗ ಶಹರಬಾನು ಸುಮ್ಮನಾದಳು.

"ಇಲ್ಲಿ ನಾ ಹಾಡಂಗಿಲ್ಲ ಬೇಟಿ. ಇಲ್ಲಿ ಹೆಸರು ಬರ್ತಾವ, ಹೆಡಗಿ ಹೊತ್ತವರವು. ನಿಮ್ಮ ಮಂದೀದು ನೀವ ಅನ್ನಬೇಕು. ಹೋಗು, ಅತ್ತಿನ್ನ ಕೇಳು."

ಅಮೃತಮ್ಮ ಕೊಡದ ನೀರನ್ನು ಐದನೆಯ ತಿರುವಿನ ಗಿಡದ ಬುಡಕ್ಕೆ ಹೊಯ್ದು, ಓಡುತ್ತ ಇಳಿದಳು.

"ಅತ್ತಿ, ನೀವು ಮರತಿಲ್ಲ. ಕುಂತದ್ದಕ್ಕ ಬರವಲ್ದು. ನಾ ನಿಮ್ಮನ್ನ ಹೊತ್ತು ಗುಡ್ಡ ಹತ್ತತೀನಿ."

ಮಾಳಮ್ಮ ಕಣ್ಣು ಕಿರಿದು ಮಾಡಿದಳು. "ಹೊರೂದು ಹೆಣ. ನಾ ಇನ್ನಾ ಉಸಿರಾಡ್ಲಿಕತ್ತೀನಿ."

"ಉಸಿರಾಡ್ತೀರಿ ಅಂತನ ಹೊರ್ತೀನಿ."

ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ಖಂಡೆಪ್ಪ ತಲೆ ಎತ್ತಿದ. "ಹೊರೂದ ಇದ್ರ ನಾ ಹೊರ್ತೀನಿ, ಅವ್ವ. ಈಕಿಗಿ ಯಾಕ ತ್ರಾಸ."

"ನಿನ್ನ ಕಾಲು ಬ್ಯಾರೆ," ಎಂದಳು ಮಾಳಮ್ಮ ತಟ್ಟನೆ. "ನೀ ಕೋಲು ಹಿಡಕೊಂಡು ಕುರಿ ಹಿಂದ ಬೀಸಾಗಿ ಹೋಗೋ ಕಾಲು. ಆ ಹೆಜ್ಜಿಗಿ ಹಾಡು ಬರಂಗಿಲ್ಲ." ಅಂದಮೇಲೆ, ಸೊಸೆ ಹೊತ್ತರೆ ಹಾಡು ಬರುತ್ತದೆ ಎಂದು ತಾನೇ ಒಪ್ಪಿದ ಹಾಗಾಯಿತು ಎಂದು ತಿಳಿದು, ಮೊಣಕಾಲಿನ ಎಲೆಯ ಕಟ್ಟು ಸರಿಮಾಡಿಕೊಂಡಳು. "ಮಂದಿ ನಗ್ತಾರ," ಎಂದಳು.

"ಮನ್ನೀನೇ ನಕ್ಕು ಮುಗಿಸ್ಯಾರ. ಉಳಿದಿದ್ರ ಇದಕ್ಕೂ ನಗಲಿ."

ಮರುದಿನ ಕೋಳಿ ಕೂಗಿದ ಮೇಲೆ, ದಾರಿ ಕಾಣುವಷ್ಟು ಬೆಳಕಾದಾಗ, ಅಮೃತಮ್ಮ ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡು, ಹಳೆಯ ಇಳಕಲ್ಲ ಸೀರೆಯನ್ನು ಇಬ್ಬರಿಗೂ ಸುತ್ತಿ ಎದೆಯ ಮೇಲೆ ಗಂಟು ಹಾಕಿದಳು. ಮಾಳಮ್ಮ ಹಗುರ ಹೆಂಗಸು. ಆದರೂ ಮೊದಲ ತಿರುವಿಗೇ ಅಮೃತಮ್ಮ ದಾರಿಬದಿಯ ಕಲ್ಲಿಗೆ ಕೈಕೊಟ್ಟು ಹತ್ತಬೇಕಾಯಿತು. ಹುಣಸೆ ಗಿಡದ ಬಳಿ ಬೆನ್ನ ಮೇಲಿನ ಜೀವ ಮೆಲ್ಲಗೆ ಮಿಸುಕಾಡಿತು. ಸೊಸೆಯ ಹೆಜ್ಜೆ ಬಿದ್ದ ಹಾಗೆ ಅತ್ತೆಯ ಬೆರಳು ಅವಳ ಭುಜಕ್ಕೆ ಬಿತ್ತು. ಆಮೇಲೆ ಕಿವಿಯ ಹತ್ತಿರವೇ ದನಿ ಎದ್ದಿತು. ಒಡಕು ದನಿ, ಆದರೆ ಗುರಿ ತಪ್ಪದ ದನಿ.

ಒಂದು, ಎರಡು, ಮೂರು. ಮೂರನೆಯ ತಿರುವು ತಡೆಯೇ ಇಲ್ಲದೆ ಬಂತು. ಮಾಳಮ್ಮ ನಡುವೆ ನಿಲ್ಲಿಸಿ ನಕ್ಕಳು. "ಎಲ್ಲಿ ಹೋಗಿತ್ತು ಇದು, ಹಡಿಬಿಟ್ಟಿ? ಇಲ್ಲೇ ಕುಂತಿತ್ತು, ಈ ಕಲ್ಲಿನ ಮ್ಯಾಲ. ನಾ ಮನ್ಯಾಗ ಹುಡುಕಿದೆ."

"ನಗಬ್ಯಾಡ್ರಿ ಅತ್ತಿ, ತೋಲ ತಪ್ಪತದ."

"ನಡಿ ನಡಿ. ಎಡಗಾಲು ಮೊದಲ."

ಐದನೆಯ ತಿರುವು ಎಲ್ಲಕ್ಕಿಂತ ಉದ್ದ, ಏರು ಕಡಿಮೆ. ಉಸಿರಿಗೆ ಬಿಡುವು ಇದ್ದದ್ದರಿಂದಲೇ ಹಿಂದಿನವರು ಅಲ್ಲಿ ಹೆಸರುಗಳನ್ನು ಇಟ್ಟಿದ್ದರೋ ಏನೋ. ಮಾಳಮ್ಮ ಹಾಡಿದಳು.

ಮುಂಗೈಲಿ ಮಳೆ ಹಿಡಿದು ಹೊತ್ತಾಳ ಯಲ್ಲವ್ವ
ತುಂಬಿದ ಬಸುರೀಲಿ ಹೊತ್ತಾಳ ಈರವ್ವ
ಬರದಾಗ ಬಾಯ್ಕಟ್ಟಿ ಬೀಜ ಉಳಿಸ್ಯಾಳ ಭೀಮವ್ವ
ಹುಲಿಬಂದ ಹಾದೀಲಿ ಹೊತ್ತಾಳ ನೀಲವ್ವ

ಹೀಗೆ ಒಟ್ಟು ಹದಿಮೂರು ಹೆಸರು, ಕೊನೆಯದು ನೀಲವ್ವನದು. ಮೇಲಿನ ಹೊಲ ಯಾರ ಯಾರ ಹೆಸರಿನಲ್ಲಿದೆ ಎಂದು ಅಮೃತಮ್ಮನಿಗೆ ಗೊತ್ತಿತ್ತು. ಎಲ್ಲ ಗಂಡಸರವು. ಈ ಹದಿಮೂರು ಹೆಂಗಸರು ಇದ್ದರು ಎಂಬುದಕ್ಕೆ ಈ ತಿರುವು ಬಿಟ್ಟರೆ ಲೋಕದಲ್ಲಿ ಬೇರೆ ಗುರುತೇ ಇರಲಿಲ್ಲ. ನೀಲವ್ವ ಅತ್ತೆಯ ಅತ್ತೆ. ಆ ಹೆಸರಾದ ಮೇಲೆ ಮಾಳಮ್ಮನ ಬೆರಳು ಭುಜದ ಮೇಲೆ ನಿಂತಿತು.

"ಮುಂದ?" ಎಂದಳು ಅಮೃತಮ್ಮ, ಏದುಸಿರು ಬಿಡುತ್ತ.

"ಇಳಿಸು ನನ್ನ."

ಗಂಟು ಬಿಚ್ಚಿ ಕಲ್ಲಿನ ಮೇಲೆ ಕೂರಿಸಿದಳು. ಮಾಳಮ್ಮ ಕೆಳಗಿನ ಊರಿನ ಕಡೆ ನೋಡುತ್ತ ಕೂತಳು. ಹೊಗೆ ಏಳುತ್ತಿತ್ತು.

"ಹೊತ್ತಾಕಿ ತನ್ನ ಹೆಸರು ತಾನು ಅನ್ನಂಗಿಲ್ಲ. ಮುಂದ ಬರಾಕಿ ಅನ್ನಬೇಕು. ಅಂದಳಂದ್ರ ಹಿಂದಿನಾಕಿ ಹೆಡಗಿ ಇಳಿಸಿದಂಗ. ಮತ್ತ ಮುಟ್ಟಂಗಿಲ್ಲ. ನಮ್ಮತ್ತಿ ಹೆಸರು ನಾ ಅಂದಾಗ ಆಕಿ ಕೆಳಗ ಅಂಗಳದಾಗ ಕುಂತಿದ್ಳು. ಆ ವರ್ಷ ಆಕಿ ನನ್ನ ಸಂಗಾಟ ಮಾತಾಡಲಿಲ್ಲ."

ಅಮೃತಮ್ಮ ಅತ್ತೆಯ ಕಾಲ ಹತ್ತಿರ ಕೂತಳು. ಹನ್ನೊಂದು ದಿನದಲ್ಲಿ ಏಳು ಉಳಿದಿತ್ತು. ಹಾಡಬೇಡ ಎಂದು ಅತ್ತೆ ಒಂದು ಮಾತು ಅಂದರೆ, ಇಷ್ಟು ಹತ್ತಿದ್ದು ಇಲ್ಲಿಗೇ ಮುಗಿಯುತ್ತಿತ್ತು. ಸುಳ್ಳು ಸಮಾಧಾನ ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ನಾ ಅನ್ನದಿದ್ರ ನೀಲವ್ವಗ ಮುಗೀತದ ಅತ್ತಿ. ಬಂಡಿ ಯಾರ ಹೆಸರೂ ಹೇಳಂಗಿಲ್ಲ."

ಮಾಳಮ್ಮ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿಕೊಂಡಳು. ಆಮೇಲೆ, "ಏನಂತ ಹಾಡ್ತಿ ನನ್ನ?" ಎಂದು ಕೇಳಿದಳು.

"ಮೊಣಕಾಲ ನೋವಿನಾಗ ಹೊತ್ತಾಳ ಮಾಳವ್ವ..."

"ಥೂ. ನೋವಿಂದು ಯಾಕ ಹೇಳ್ತಿ? ಮೊಮ್ಮಕ್ಕಳು ಮರಿಮಕ್ಕಳು ನನ್ನ ಮೊಣಕಾಲು ಹಾಡ್ಕೋತ ಹೋಗಬೇಕೇನು?" ಮಾಳಮ್ಮನಿಗೆ ನಿಜವಾಗಿ ಸಿಟ್ಟು ಬಂದಿತ್ತು. ಬೆನ್ನು ನೆಟ್ಟಗಾಗಿತ್ತು. "ಮೂವತ್ತು ವರ್ಷ ಹೊತ್ತೀನಿ. ಗಾಳ್ಯಾಗ ಹೊತ್ತೀನಿ, ಮಳ್ಯಾಗ ಹೊತ್ತೀನಿ. ಒಂದು ಕಾಳು ಕೆಳಗ ಬಿದ್ದಿಲ್ಲ. ಹೇಳೂದಿದ್ರ ಅದನ್ನ ಹೇಳು."

"ಕಾಳೊಂದು ಚೆಲ್ಲದೆ ಹೊತ್ತಾಳ ಮಾಳವ್ವ," ಎಂದಳು ಅಮೃತಮ್ಮ.

ಮಾಳಮ್ಮ ಅದನ್ನು ಬಾಯೊಳಗೇ ಒಮ್ಮೆ ಅಂದು ನೋಡಿದಳು. ಬೆರಳಿನಿಂದ ಹೆಜ್ಜೆ ಎಣಿಸಿದಳು.

"ಕೂಡತದ," ಎಂದಳು. "ಎತ್ತು ನನ್ನ. ಇನ್ನಾ ಎರಡು ಅವ."

ಮುಂದಿನ ಆರು ದಿನ ಊರಿನವರು ಆ ಜೋಡಿ ಹತ್ತುವುದನ್ನು ನೋಡಿದರು. ಮೊದಲ ಎರಡು ದಿನ ನಕ್ಕರು. ಮೂರನೆಯ ದಿನ ಮಾಣಿಕಮ್ಮ ಕಟ್ಟಿಗೆಯ ನೆಪ ಮಾಡಿಕೊಂಡು ಹಿಂದೆ ಬಂದಳು. ನಾಲ್ಕನೆಯ ದಿನ ನೆಪ ಬಿಟ್ಟು, ತಲೆಯ ಮೇಲೆ ಮಣ್ಣು ತುಂಬಿದ ಹೆಡಗಿ ಇಟ್ಟುಕೊಂಡು ಬಂದಳು.

"ಹೊಸ ಗಂಟಲು ಬಂತೇನು ತಂಗಿ?" ಎಂದಳು.

"ಗಂಟಲು ಅದೇ ಅದ, ಕಾಲು ಹೊಸಾವು," ಎಂದಳು ಅಮೃತಮ್ಮ.

ಮಿರಗ ಎರಡು ರಾತ್ರಿ ಹೊಡೆಯಿತು. ಮೂರನೆಯ ದಿನ ಕಾಶಪ್ಪ ಎತ್ತು ಹೂಡಿ, ಬಂಡಿಯಲ್ಲಿ ಕೂರಿಗೆ ಹೇರಿಕೊಂಡು ಸುತ್ತುದಾರಿಗೆ ಹೊರಟ. ಬೀಜಕ್ಕೆ ಜಾಗ ಬಿಟ್ಟೇ ಹೇರಿದ್ದ. "ನಾ ಮ್ಯಾಲ ನಿಂತು ಕೇಳ್ತೀನಿ," ಎಂದ. "ಹಾಡು ಕಡದು ಹೋತಂದ್ರ ಬೀಜ ವಾಪಸ್ ಕೆಳಗ ಇಳಿಸ್ರಿ, ಬಂಡಿ ಕಳಸ್ತೀನಿ. ಸಿಟ್ಟಾಗಬ್ಯಾಡ್ರಿ."

ಹದಿನಾಲ್ಕು ಹೆಡಗಿಗಳು ಎದ್ದವು. ಮುಂದಿನದು ಅಮೃತಮ್ಮನ ತಲೆಗೆ ಬಂತು. ಎತ್ತಿಕೊಟ್ಟವಳು ಮಾಳಮ್ಮ. ನಿಲ್ಲಲಾಗದಿದ್ದರೂ ಗೋಡೆಗೆ ಸೊಂಟ ಕೊಟ್ಟು ನಿಂತು ಎತ್ತಿದಳು. ಎತ್ತಿ ಕೈ ಬಿಟ್ಟವಳು, ಒಂದು ಗಳಿಗೆ ಆ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದವಳ ಹಾಗೆ ನೋಡಿಕೊಂಡಳು.

ದಾರಿ ಒದ್ದೆ. ಕೆಂಪು ಮಣ್ಣು ಕಾಲಿಗೆ ಅಂಟಿ ತೂಕವಾಗುತ್ತಿತ್ತು. ಅಮೃತಮ್ಮ ಹಾಡನ್ನು ಹುಡುಕಲಿಲ್ಲ. ಕಾಲಿಟ್ಟ ಕಡೆ ಅದು ಇತ್ತು. ಝರಿಯ ಕಲ್ಲಿನ ಹತ್ತಿರ "ಜಾರೀತ" ಎಂದಾಗ ಹಿಂದೆ ಹದಿಮೂರು ಹೆಜ್ಜೆ ಒಂದೊಂದಾಗಿ ನಿಧಾನವಾದದ್ದು ಬೆನ್ನಿಗೆ ತಿಳಿಯಿತು. ಸುಮ್ಮನಿರಬೇಕಾದಲ್ಲಿ ಹದಿನಾಲ್ಕು ಜನವೂ ಸುಮ್ಮನಿದ್ದರು, ಬರೀ ಉಸಿರು ಕೇಳಿತು. ಐದನೆಯ ತಿರುವಿನಲ್ಲಿ ಹೆಸರುಗಳು ಬಂದವು. ಯಲ್ಲವ್ವ, ಈರವ್ವ, ಭೀಮವ್ವ. ನೀಲವ್ವನ ಆಚೆಗೆ ಯಾರೂ ಇದುವರೆಗೆ ಹಾಡಿರಲಿಲ್ಲ. ಅಮೃತಮ್ಮ ಒಂದು ಹೆಜ್ಜೆ ಊರಿ ಹಾಡಿದಳು.

ಕಾಳೊಂದು ಚೆಲ್ಲದೆ ಹೊತ್ತಾಳ ಮಾಳವ್ವ

ಹಿಂದೆ ಸೊಲ್ಲು ಬರಬೇಕಾದ ಕಡೆ ಬರಲಿಲ್ಲ. ಒಂದು ಹೆಜ್ಜೆ ಕಳೆಯಿತು. ಇನ್ನೊಂದು ಹೆಜ್ಜೆಗೆ ಬರದಿದ್ದರೆ ಹಾಡು ಕಡಿದ ಹಾಗೆ. ಅಷ್ಟರಲ್ಲಿ ಮಾಣಿಕಮ್ಮನ ದನಿ ಎದ್ದಿತು. "ಹೊತ್ತಾಳ ಮಾಳವ್ವ, ಹೋ..." ಅದರ ಹಿಂದೆ ಎಲ್ಲರದೂ ಬಂತು.

ಆರನೆಯದು, ಏಳನೆಯದು. ನೆತ್ತಿಯ ಗಾಳಿ ಮುಖಕ್ಕೆ ಬಡಿದಾಗ ಅಮೃತಮ್ಮನಿಗೆ ಕಣ್ಣು ಕತ್ತಲೆ ಬಂದಿತ್ತು. ಹೆಡಗಿ ಇಳಿಸಿಕೊಂಡವನು ಕಾಶಪ್ಪ. ಅವನು ಬೀಜದಲ್ಲಿ ಕೈ ಆಡಿಸಿ, ಹೊಲದ ಅಂಚಿನವರೆಗೆ ಒಮ್ಮೆ ನೋಡಿ, ಕೂರಿಗೆ ಹಿಡಿದು ನಿಂತಿದ್ದ ಖಂಡೆಪ್ಪನಿಗೆ ಹೇಳಿದ. "ಮದಲ ಹೆಂಗಸರ ಸಾಲು ಹಿಡಿ. ಈ ಬದುವಿನಿಂದ ಎಪ್ಪತ್ತು. ಏನು ಬಿತ್ತಬೇಕು ಅಂತ ಅವರನ್ನ ಕೇಳು."

ಇಳಿದು ಬಂದಾಗ ಮಧ್ಯಾಹ್ನ ತಿರುಗಿತ್ತು. ಮಾಳಮ್ಮ ಅಂಗಳದಲ್ಲಿ ಕೂತಿದ್ದಳು, ಗುಡ್ಡಕ್ಕೆ ಮುಖ ಮಾಡಿ. ಅಮೃತಮ್ಮ ಎದುರಿಗೆ ಹೋಗಿ ನಿಂತಳು. ಈ ವರ್ಷವಿಡೀ ಅತ್ತೆ ಮಾತಾಡದೆ ಇರಬಹುದು ಎಂದು ಇಳಿಯುತ್ತ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು.

ಮಾಳಮ್ಮ ಚೊಂಬು ನೀರು ಮುಂದೆ ಸರಿಸಿದಳು. ಸೊಸೆ ಕುಡಿದು ಮುಗಿಸುವವರೆಗೆ ಕಾದಳು.

"ಆರನೇದರಾಗ ಅವಸರ ಮಾಡಿದಿ," ಎಂದಳು. "ಗಾಳಿ ಇತ್ತಕಡಿ ಇತ್ತು, ಎಲ್ಲಾ ಕೇಳಸ್ತು. ಆ ಬಾಗಿದ ಗಿಡದ ಹತ್ರ ಎರಡು ಹೆಜ್ಜಿ ಬಿಟ್ಟು ಎತ್ತಬೇಕು. ನಾಳಿ ಹೆಡಗ್ಯಾಗ ಮಣ್ಣು ತುಂಬ್ಕೊಂಡು ಮತ್ತ ಹತ್ತು. ನಾ ಇಲ್ಲಿಂದ ಕೇಳ್ತೀನಿ."